ಪ್ಯಾರಿಸ್ಸಿನ ಮನೆಯೂ ನಮ್ಮ ಮಗ್ಗದ ಮನೆಯೂ

ಒಂದು ಮಾತು ಇತ್ತೀಚೆಗೆ ನಮ್ಮ ಕಿವಿಗೆ ಪದೇ ಪದೇ ಬೀಳುತ್ತಿದೆ. ಅದನ್ನಾಡುವವರು ಓದಿದವರು, ಕನ್ನಡದ ಕೂಟಗಳಿಗೆ ತಪ್ಪದೆ ಬರುವವರು. ಪ್ಯಾರಿಸ್ ನಗರದಲ್ಲಿ ಒಬ್ಬ ಮನುಷ್ಯನು ಕತ್ತರಿ ಹಿಡಿದು ನಿಂತನಂತೆ. ಒಂದೇ ದಿನದಲ್ಲಿ ಲೋಕದ ಹೆಂಗಸರ ಉಡುಪನ್ನೆಲ್ಲ ಬದಲಿಸಿಬಿಟ್ಟನಂತೆ. ನಮ್ಮ ನೇಕಾರರಾದರೋ ಅಜ್ಜ ನೇಯ್ದ ಅಂಚನ್ನೇ ಮೊಮ್ಮಗನೂ ನೇಯುತ್ತ ಕುಳಿತಿದ್ದಾರಂತೆ. ಆದುದರಿಂದ ಅವನಿಗೆ ಕೀರ್ತಿ, ಇವರಿಗೆ ಕೂಲಿ. ಇದು ಪ್ರತಿಭೆಯ ನ್ಯಾಯವಂತೆ. ಈ ಮಾತನ್ನು ನಾವು ಒಪ್ಪೆವು. ಇದು ತರಗತಿಯೊಳಕ್ಕೆ ನುಗ್ಗಿ ಎಳೆಯರ ಮನಸ್ಸಿನಲ್ಲಿ ಬೇರುಬಿಡುವ ಮುನ್ನ ಇದರ ಬುಡವನ್ನು ಕೆದಕಿ ನೋಡುವುದು ಉಪಾಧ್ಯಾಯರ ಕರ್ತವ್ಯವೆಂದು ಬಗೆದು ಈ ಲೇಖನಕ್ಕೆ ಕೈಹಾಕಿದ್ದೇವೆ.

ಮಳೆ ನಂಬಿ ಕಡಲೆಕಾಯಿ ಬಿತ್ತುವ ಸೆಟ್ಟೂರಿನವರಿಗೆ ಪ್ಯಾರಿಸ್ಸಿನ ಗೊಡವೆ ಏಕೆಂದು ಕೇಳುವವರುಂಟು. ನಮ್ಮ ಪೂರ್ವಕ್ಕೆ ಧರ್ಮಾವರವಿದೆ. ಗಡಿ ದಾಟಿದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಇದೆ. ಎರಡೂ ರೇಷ್ಮೆ ಸೀರೆಗೆ ಹೆಸರಾದ ಊರುಗಳು. ಇವೆರಡರ ನಡುವೆ ಬದುಕುವ ನಮ್ಮ ಮಕ್ಕಳು ‘ಮಗ್ಗವೆಂದರೆ ಸೋತವರ ಕಸುಬು’ ಎಂದು ಕಲಿತರೆ ಆ ಪಾಠದ ಫಲವನ್ನು ಉಣ್ಣುವವರು ಫ್ರೆಂಚರಲ್ಲ, ನಾವೇ.

ಮೊದಲು ಆ ಮನುಷ್ಯನ ಕಥೆಯನ್ನೇ ನೋಡೋಣ. ಹೆಸರು ಕ್ರಿಶ್ಚಿಯನ್ ಡಿಯೋರ್. 1905ರಲ್ಲಿ ಫ್ರಾನ್ಸಿನ ಕಡಲ ತೀರದ ಗ್ರಾನ್‌ವಿಲ್ ಎಂಬ ಊರಿನಲ್ಲಿ ಹುಟ್ಟಿದವನು. ತಂದೆ ರಸಗೊಬ್ಬರದ ಕಾರ್ಖಾನೆಯ ಒಡೆಯ. ಮಗನು ಪ್ಯಾರಿಸ್ಸಿನಲ್ಲಿ ಚಿತ್ರಗಳ ಅಂಗಡಿಯನ್ನಿಟ್ಟನು. 1930ರ ಸುಮಾರಿನ ಆರ್ಥಿಕ ಕುಸಿತದಲ್ಲಿ ತಂದೆಯ ಐಶ್ವರ್ಯ ಕರಗಿತು, ಅಂಗಡಿಯೂ ಮುಚ್ಚಿತು. ಆಮೇಲೆ ಉಡುಪಿನ ನಕ್ಷೆಗಳನ್ನು ಬರೆದು ಮಾರಿದನು. ರೋಬೆರ್ ಪಿಗೆ, ಲೂಸಿಯೆನ್ ಲೆಲಾಂಗ್ ಎಂಬ ಇಬ್ಬರು ದರ್ಜಿ ದೊರೆಗಳ ಕೈಕೆಳಗೆ ವರ್ಷಗಟ್ಟಲೆ ದುಡಿದನು. ತನ್ನದೇ ಮನೆಯನ್ನು ಸ್ಥಾಪಿಸಿದ್ದು 1946ರ ಡಿಸೆಂಬರಿನಲ್ಲಿ, ಮೊದಲ ಪ್ರದರ್ಶನವಿತ್ತದ್ದು 1947ರ ಫೆಬ್ರುವರಿ 12ರಂದು. ಆಗ ಅವನಿಗೆ 42 ವರ್ಷ. ‘ಒಂದೇ ದಿನದ’ ಪವಾಡಕ್ಕೆ ಇಷ್ಟು ವರ್ಷಗಳ ಹಿನ್ನೆಲೆಯುಂಟು ಎಂಬುದನ್ನು ನಮ್ಮ ಮಿತ್ರರು ಹೇಳುವುದಿಲ್ಲ.

ಹಣವೆಲ್ಲಿಂದ ಬಂತೆಂಬುದನ್ನೂ ಅವರು ಹೇಳುವುದಿಲ್ಲ. ಮಾರ್ಸೆಲ್ ಬೂಸಾಕ್ ಎಂಬವನು ಫ್ರಾನ್ಸಿನ ಹತ್ತಿಬಟ್ಟೆ ಗಿರಣಿಗಳ ದೊಡ್ಡ ಸಾಹುಕಾರ. ಅವನು ಡಿಯೋರನನ್ನು ಕರೆಯಿಸಿದ್ದು ಕ್ಷೀಣಿಸುತ್ತಿದ್ದ ಒಂದು ಹಳೆಯ ಉಡುಪಿನ ಮನೆಯನ್ನು ಎತ್ತಿ ನಿಲ್ಲಿಸುವುದಕ್ಕೆ. ಡಿಯೋರ್ ಒಪ್ಪಲಿಲ್ಲ, ಹೊಸ ಮನೆಯಾಗಬೇಕು, ಅದಕ್ಕೆ ತನ್ನ ಹೆಸರಿರಬೇಕು ಎಂದನು. ಬೂಸಾಕ್ ಹಣ ಹೂಡಿದನು. ಪ್ಯಾರಿಸ್ಸಿನ ಮೋಂಟೇನ್ ಬೀದಿಯ 30ನೆಯ ನಂಬರಿನ ಕಟ್ಟಡದಲ್ಲಿ ಮನೆ ಎದ್ದಿತು. ಆ ಪ್ರದರ್ಶನದಲ್ಲಿ ಸೊಂಟವನ್ನು ಬಿಗಿದು, ಲಂಗವನ್ನು ಹೂವಿನಂತೆ ಅರಳಿಸಿದ ಉಡುಪುಗಳನ್ನು ಕಂಡು ಕಾರ್ಮೆಲ್ ಸ್ನೋ ಎಂಬ ಅಮೆರಿಕದ ಪತ್ರಿಕೆಯ ಸಂಪಾದಕಿ ಅದನ್ನು ‘ನ್ಯೂ ಲುಕ್’ ಎಂದು ಕರೆದಳು. ಆ ಹೆಸರು ಜಗತ್ತನ್ನೆಲ್ಲ ಸುತ್ತಿತು.

ಯುದ್ಧ ಮುಗಿದು ಎರಡು ವರ್ಷವೂ ತುಂಬದ ಕಾಲವದು. ಯೂರೋಪಿನಲ್ಲಿ ಬಟ್ಟೆಗೂ ಅನ್ನಕ್ಕೂ ಪಡಿಚೀಟಿಯಿದ್ದ ದಿನಗಳು. ಅಂತಹ ಹೊತ್ತಿನಲ್ಲಿ ಒಂದೊಂದು ಲಂಗಕ್ಕೆ 20 ಮೀಟರಿನವರೆಗೂ ಬಟ್ಟೆ ಹಿಡಿಯುವ ಉಡುಪು ಬಂತು. ಪ್ಯಾರಿಸ್ಸಿನ ಒಂದು ಸಂತೆಬೀದಿಯಲ್ಲಿ ಈ ಉಡುಪನ್ನು ತೊಟ್ಟು ಚಿತ್ರ ತೆಗೆಸಿಕೊಳ್ಳಲು ಹೋದ ಹೆಣ್ಣುಮಕ್ಕಳ ಮೇಲೆ ಬಡ ಹೆಂಗಸರು ಬಿದ್ದು ಬಟ್ಟೆ ಹರಿದರು. ಅಮೆರಿಕದಲ್ಲಿಯೂ ಹೆಂಗಸರು ಫಲಕ ಹಿಡಿದು ಪ್ರತಿಭಟಿಸಿದರು. ಮೂರು ಮೀಟರು ಸಾಕಾಗುವಲ್ಲಿ 20 ಮೀಟರು ಬೇಕೆನ್ನುವ ಫ್ಯಾಷನ್ನಿಗಿಂತ ಬಟ್ಟೆ ಗಿರಣಿಯವನಿಗೆ ಹಿತವಾದ ಫ್ಯಾಷನ್ ಮತ್ತೊಂದಿದ್ದೀತೆ? ವಾಚಕರೇ ಯೋಚಿಸಲಿ. ಡಿಯೋರನ ಕೈಯಲ್ಲಿ ಕಲೆಯಿರಲಿಲ್ಲವೆಂದು ನಾವು ಹೇಳುತ್ತಿಲ್ಲ; ಹಾಗೆಂದರೆ ಅದು ಹೊಟ್ಟೆಕಿಚ್ಚಿನ ಮಾತಾದೀತು. ಕಲೆ ಆ ಮನೆಯ ಒಂದು ಕಂಬ. ಒಂದೇ ಕಂಬದ ಮೇಲೆ ಯಾವ ಮನೆಯೂ ನಿಲ್ಲುವುದಿಲ್ಲವೆಂಬುದಷ್ಟೇ ನಮ್ಮ ವಾದ.

ಇನ್ನೊಂದು ಕಂಬ ಕಾನೂನು. ಇದನ್ನು ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಲ್ಲಿಯೇ ಗುಟ್ಟಿದೆ. ಪ್ಯಾರಿಸ್ಸಿನ ಈ ಕಸುಬಿಗೆ ‘ಹೋತ್ ಕೂತ್ಯೂರ್’ ಎಂದು ಹೆಸರು. ಶಬ್ದಾರ್ಥದಲ್ಲಿ ‘ಎತ್ತರದ ಹೊಲಿಗೆ’ ಎಂದಷ್ಟೇ. ಅದರ ಮೂಲಪುರುಷನೆನಿಸಿದ ಚಾರ್ಲ್ಸ್ ಫ್ರೆಡರಿಕ್ ವರ್ತ್ ಫ್ರೆಂಚನೇ ಅಲ್ಲ, ಇಂಗ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವನು! 1858ರಲ್ಲಿ ಪ್ಯಾರಿಸ್ಸಿನಲ್ಲಿ ಮನೆ ತೆರೆದು, ಚಿತ್ರಕಾರನು ಚಿತ್ರಕ್ಕೆ ರುಜು ಹಾಕುವಂತೆ ತಾನು ಹೊಲಿಸಿದ ಉಡುಪಿನೊಳಗೆ ತನ್ನ ಹೆಸರಿನ ಪಟ್ಟಿಯನ್ನು ಹೊಲಿಸಿದನು. 1868ರಲ್ಲಿ ಈ ಕಸುಬಿನವರ ಸಂಘ ಕಟ್ಟಲ್ಪಟ್ಟಿತು. 1945ರಲ್ಲಿ ‘ಹೋತ್ ಕೂತ್ಯೂರ್’ ಎಂಬ ಹೆಸರಿಗೇ ಫ್ರೆಂಚ್ ಸರಕಾರ ಕಾನೂನಿನ ಬೇಲಿ ಹಾಕಿತು. ಅಂದಿನಿಂದ ಇಷ್ಟ ಬಂದವರು ಆ ಮಾತನ್ನು ತಮ್ಮ ಅಂಗಡಿಯ ಹಲಗೆಯ ಮೇಲೆ ಬರೆದುಕೊಳ್ಳುವಂತಿಲ್ಲ. ಪ್ಯಾರಿಸ್ಸಿನಲ್ಲಿ ಸ್ವಂತ ಕಾರ್ಯಾಗಾರವಿರಬೇಕು, ಅದರಲ್ಲಿ ನಿಯಮಿಸಿದಷ್ಟು ಕೆಲಸಗಾರರಿರಬೇಕು, ವರ್ಷಕ್ಕೆ ಎರಡು ಸಲ ಹೊಸ ಉಡುಪುಗಳ ಪ್ರದರ್ಶನ ನಡೆಯಬೇಕು, ಗಿರಾಕಿಯ ಮೈಯಳತೆಗೆ ಕೈಯಿಂದ ಹೊಲಿಯಬೇಕು. ಡಿಯೋರನ ಮನೆ ಎದ್ದದ್ದು ಈ ಬೇಲಿ ಹಾಕಿದ ಮರುವರ್ಷ. ಬೇಲಿಯಿರುವ ಹೊಲದಲ್ಲಿ ಬೆಳೆದ ಪೈರನ್ನು ತೋರಿಸಿ, ಬೀದಿಬದಿಯ ಗಿಡಕ್ಕೆ ‘ನಿನ್ನ ಬೀಜ ಸರಿಯಿಲ್ಲ’ ಎಂದು ಹಂಗಿಸುವುದು ಯಾವ ನ್ಯಾಯ?

ಆ ಕಾರ್ಯಾಗಾರಗಳಲ್ಲಿ ಹೊಲಿಯುವ ಹೆಂಗಸರನ್ನು ಫ್ರೆಂಚರು ‘ಪುಟ್ಟ ಕೈಗಳು’ ಎನ್ನುವರು. ಹೆಸರೇನೋ ಮುದ್ದಾಗಿದೆ. ನೂರಾರು ಗಂಟೆ ಕಣ್ಣು ನೆಟ್ಟು ಮಣಿ ಪೋಣಿಸಿ ದಾರ ಎಳೆಯುವ ಈ ಪುಟ್ಟ ಕೈಗಳ ಹೆಸರು ಉಡುಪಿನೊಳಗಿನ ಪಟ್ಟಿಯಲ್ಲಿಲ್ಲ. ಅಲ್ಲಿರುವುದು ದೊಡ್ಡ ಹೆಸರೊಂದೇ. ಪ್ಯಾರಿಸ್ಸೆಂದರೆ ನ್ಯಾಯದ ಸ್ವರ್ಗವೆಂದು ನಂಬುವವರು ಇದನ್ನೂ ಗಮನಿಸಬೇಕು.

ಹೊಲಿಗೆಗೆ ಮುಂಚೆ ಬಟ್ಟೆಯಿರಬೇಕಷ್ಟೆ. ವರ್ತನ ಉಡುಪುಗಳಿಗೆ ಬೇಕಾದ ರೇಷ್ಮೆ ಬಂದದ್ದು ಲಿಯೋನ್ ನಗರದ ನೇಕಾರರಿಂದ. ಆ ನೇಕಾರರು ಕೂಲಿ ಸಾಲದೆ 1831ರಲ್ಲಿಯೂ 1834ರಲ್ಲಿಯೂ ದಂಗೆಯೆದ್ದು ಸರಕಾರದ ಸೈನ್ಯದಿಂದ ಅಡಗಿಸಲ್ಪಟ್ಟರು. ಅದೇ ಲಿಯೋನಿನ ಜೋಸೆಫ್ ಮೇರಿ ಜಾಕ್ವಾರ್ಡ್ ಎಂಬವನು 1804ರ ಸುಮಾರಿಗೆ ಒಂದು ಯಂತ್ರವನ್ನು ಮಾಡಿದನು. ರಟ್ಟಿನ ಹಲಗೆಗಳಲ್ಲಿ ತೂತು ಕೊರೆದು ಮಾಲೆಯಂತೆ ಪೋಣಿಸಿ ಮಗ್ಗದ ಮೇಲೆ ಇಳಿಬಿಟ್ಟರೆ, ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ; ನಡುವೆ ಲಾಳಿ ಓಡಿದರೆ ಹೊಕ್ಕು ಬಿದ್ದು ಹೂವೋ ಹಂಸವೋ ಮೂಡುತ್ತದೆ. ಒಂದು ರಟ್ಟಿಗೆ ಒಂದು ಹೊಕ್ಕು. ಒಂದು ಹಂಸಕ್ಕೆ ರಟ್ಟುಗಳ ದೊಡ್ಡ ಸರ. (ಮುಂದೆ ಲೆಕ್ಕ ಮಾಡುವ ಯಂತ್ರಗಳಿಗೆ ತೂತು ಕೊರೆದ ರಟ್ಟುಗಳನ್ನು ಉಣಿಸುವ ಯೋಚನೆ ಹುಟ್ಟಿದ್ದು ಇದನ್ನು ನೋಡಿಯೇ. ಗಣಕಯಂತ್ರದ ಪಾಠ ಹೇಳುವ ಉಪಾಧ್ಯಾಯರು ಮಗ್ಗದಿಂದಲೇ ಆರಂಭಿಸಬಹುದು.) ಧರ್ಮಾವರದ ಮಗ್ಗಗಳ ನೆತ್ತಿಯ ಮೇಲೆ ಇಂದಿಗೂ ಈ ಪೆಟ್ಟಿಗೆ ಕುಳಿತಿದೆ; ನೇಕಾರರು ಅದನ್ನು ಜಕಾರ್ಡು ಎನ್ನುವರು. ನೋಡಿ, ಫ್ರಾನ್ಸಿನಿಂದ ಯಂತ್ರ ನಮ್ಮ ಮನೆಯವರೆಗೂ ಬಂತು, ಹೆಸರಿನ ಪಟ್ಟಿ ಹೊಲಿಯುವ ಪದ್ಧತಿ ಮಾತ್ರ ಬರಲಿಲ್ಲ.

ನಮ್ಮ ನೇಕಾರರಿಗೆ ಕಲ್ಪನೆಯಿಲ್ಲವೆಂಬ ಆರೋಪಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಹಿಂದೂಪುರದ ಬಳಿಯ ಲೇಪಾಕ್ಷಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ಯುವವರು ಬಸವಣ್ಣನನ್ನೂ ನೇತಾಡುವ ಕಂಬವನ್ನೂ ತೋರಿಸಿ ಹಿಂದಿರುಗಿಬಿಡುತ್ತಾರೆ. ಒಮ್ಮೆ ತಲೆಯೆತ್ತಿ ಮಂಟಪದ ಒಳಮಾಡನ್ನು ನೋಡಬೇಕು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಅಂದರೆ 16ನೆಯ ಶತಮಾನದಲ್ಲಿ, ಬರೆದ ಚಿತ್ರಗಳವು. ಅಲ್ಲಿಯ ಸ್ತ್ರೀಯರು ಉಟ್ಟ ಸೀರೆಗಳ ಅಂಚು ಬೇರೆ, ಒಡಲು ಬೇರೆ. ಒಂದರಲ್ಲಿ ಗೀರು, ಒಂದರಲ್ಲಿ ಚೌಕ, ಇನ್ನೊಂದರಲ್ಲಿ ಬಳ್ಳಿ. ಧರ್ಮಾವರದ ಸೀರೆಯ ಅಂಚಿಗೂ ಸೆರಗಿಗೂ ಈ ಚಿತ್ರಗಳೇ ಮೇಲ್ಪಂಕ್ತಿಯೆಂದು ಪರಂಪರೆ. ಮೊಳಕಾಲ್ಮೂರಿನವರು ಹಣ್ಣು, ಹೂ, ಪ್ರಾಣಿ, ನವಿಲುಗಳನ್ನು ಸೀರೆಯ ಮೇಲೆ ತಂದರು. ಇದು ಕಲ್ಪನೆಯಲ್ಲದೆ ಮತ್ತೇನು?

ಅಜ್ಜನ ಅಂಚನ್ನು ಮೊಮ್ಮಗ ನೇಯುತ್ತಾನೆಂದು ಹೀಯಾಳಿಸುವವರಿಗೆ ಒಂದು ಮಾತು. ಡಿಯೋರ್ ಆರಾರು ತಿಂಗಳಿಗೊಮ್ಮೆ ಉಡುಪಿನ ಆಕಾರವನ್ನು ಬದಲಿಸುತ್ತಿದ್ದನು. 1954, 1955ರಲ್ಲಿ ‘ಎಚ್’, ‘ಎ’, ‘ವೈ’ ಎಂದು ಅಕ್ಷರಗಳ ಆಕಾರಕ್ಕೇ ಉಡುಪನ್ನು ಕತ್ತರಿಸಿದನು. ಹೊಸದು ಬಂದೊಡನೆ ಕಳೆದ ವರ್ಷದ್ದು ಹಳತಾಗುತ್ತದೆ, ಹಳತಾದೊಡನೆ ಹೊಸದನ್ನು ಕೊಳ್ಳಬೇಕಾಗುತ್ತದೆ. ಇದು ವ್ಯಾಪಾರದ ಜಾಣತನ. ನಮ್ಮಲ್ಲಿ ತಾಯಿಯ ಧಾರೆಯ ಸೀರೆಯನ್ನು ಮಗಳು ಉಡುತ್ತಾಳೆ, ಯಾರೂ ಅದನ್ನು ಹಳತೆನ್ನುವುದಿಲ್ಲ. ಬದಲಾವಣೆಯೊಂದೇ ಪ್ರತಿಭೆಯಾದರೆ ಊಸರವಳ್ಳಿಗೆ ಮೊದಲ ಬಹುಮಾನ ಸಲ್ಲಬೇಕು.

ಇಷ್ಟಕ್ಕೂ ಕನ್ನಡ ನಾಡಿನಲ್ಲಿ ಒಂದು ‘ಮನೆ’ ಏಳಲೇ ಇಲ್ಲವೆ? ಎದ್ದಿತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆಯನ್ನು ಸ್ಥಾಪಿಸಿದರು. ಮಗ್ಗಗಳನ್ನು ಸ್ವಿಟ್ಜರ್ಲೆಂಡಿನಿಂದ ತರಿಸಿದರು. ಮೊದಲು ಅರಮನೆಯ ಹಣ, ಆಮೇಲೆ ಸರಕಾರದ ಆಶ್ರಯ. 1980ರಲ್ಲಿ ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ ಕೈಗೆ ಬಂತು. ಮೈಸೂರು ರೇಷ್ಮೆಯೆಂಬ ಹೆಸರಿಗೆ 2005ರಲ್ಲಿ ಭೌಗೋಳಿಕ ಗುರುತಿನ ಕಾನೂನಿನ ರಕ್ಷಣೆ ದೊರೆಯಿತು. ಕಾರ್ಖಾನೆಯ ಸೀರೆಗೆ ಅದರದೇ ಸಂಖ್ಯೆ ಉಂಟು. ನಕಲು ಯಾವುದು, ಅಸಲು ಯಾವುದು ಎಂದು ಕೊಳ್ಳುವವರು ಪರೀಕ್ಷಿಸಬಹುದು. ಇಂದು ಅದರ ಮಳಿಗೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲುಗಟ್ಟುವ ಜನರಿದ್ದಾರೆ. ಬಂಡವಾಳ, ಬೇಲಿ, ಹೆಸರು ಈ ಮೂರನ್ನೂ ಒದಗಿಸಿದಲ್ಲಿ ಕನ್ನಡದ ರೇಷ್ಮೆಯೂ ತಲೆಯೆತ್ತಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಆದರೆ ಅದು ವಿದ್ಯುತ್ತಿನಿಂದ ಓಡುವ ಮಗ್ಗಗಳ ಕಾರ್ಖಾನೆ. ಕಾಲನ್ನು ಕುಳಿಯೊಳಗಿಳಿಸಿ ಕೈಮಗ್ಗ ನಡೆಸುವವನ ಬೆನ್ನ ಹಿಂದೆ ಯಾವ ಅರಮನೆಯೂ ನಿಲ್ಲಲಿಲ್ಲ, ಯಾವ ಬೂಸಾಕನೂ ಬರಲಿಲ್ಲ.

ಅವನಿಗೆ ಬಂದವನು ಸಾಹುಕಾರ. ನೂಲು ಸಾಹುಕಾರನದು, ಜರಿ ಸಾಹುಕಾರನದು, ನಕ್ಷೆಯ ರಟ್ಟೂ ಬಹಳ ಕಡೆ ಸಾಹುಕಾರನದೇ. ನೇಕಾರನದೆಂದರೆ ಮನೆ, ಮೈ, ಸಾಲ. ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಮುದುಕರು ಎಳೆ ಬಿಡಿಸುತ್ತಾರೆ, ಕೂಲಿ ಮಾತ್ರ ಸೀರೆಗಿಷ್ಟೆಂದು ಒಬ್ಬನ ಲೆಕ್ಕಕ್ಕೇ ಬರುತ್ತದೆ. ಕೆಲಸ ದಿನಗಟ್ಟಲೆ, ಕುಸುರಿ ಹೆಚ್ಚಿದರೆ ವಾರಗಟ್ಟಲೆ. ಸೀರೆ ಮಡಿಕೆಯಾಗಿ ಪಟ್ಟಣದ ಅಂಗಡಿಗೆ ಹೋದ ಮೇಲೆ ಅದರ ಮೇಲೆ ಅಂಗಡಿಯ ಹೆಸರು ಬೀಳುತ್ತದೆ. ಕೊಂಡವರು ‘ಇದು ಇಂಥ ಅಂಗಡಿಯ ಸೀರೆ’ ಎನ್ನುತ್ತಾರೆ. ನೇಯ್ದವನು ಯಾರೆಂದು ಅಂಗಡಿಯವನಿಗೂ ತಿಳಿದಿರುವುದಿಲ್ಲ.

ನಮ್ಮಲ್ಲಿಯೂ ಕಾನೂನಿದೆಯಲ್ಲ ಎನ್ನಬಹುದು. ಇದೆ. 1985ರಲ್ಲಿ ಪಾರ್ಲಿಮೆಂಟು ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟಿತು. ಮೊದಲು 22 ಬಗೆಗಳಿದ್ದ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಸೀರೆ ಆ ಪಟ್ಟಿಯಲ್ಲಿ ಇಂದಿಗೂ ಇದೆ. ವಿದ್ಯುತ್ ಮಗ್ಗದಲ್ಲಿ ನೇಯ್ದ ಅದರ ನಕಲೂ ಸಂತೆಯಲ್ಲಿ ಇಂದಿಗೂ ಇದೆ. ಹೊಸ ಅಂಚೊಂದು ಕೈಮಗ್ಗದಿಂದ ಇಳಿದು ಹಬ್ಬಕ್ಕೆ ಮಾರಾಟವಾಗುವಷ್ಟರಲ್ಲಿ ಅದೇ ಅಂಚು ಕೃತಕ ನೂಲಿನಲ್ಲಿ ಕಾಲು ಬೆಲೆಗೋ ಇನ್ನೂ ಅಗ್ಗವಾಗಿಯೋ ಬಂದು ಕುಳಿತಿರುತ್ತದೆ. ಕಾನೂನು ಪುಸ್ತಕದಲ್ಲಿರುವುದು ಬೇರೆ, ಕಾವಲಿಗೆ ನಿಲ್ಲುವುದು ಬೇರೆ.

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಧರ್ಮಾವರದ ಪಟ್ಟೆ ಸೀರೆಗೂ ಅದು ಉಂಟು. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದರ ಬಲವೇನೆಂಬುದು ಚಪ್ಪಲಿಯ ಪ್ರಕರಣದಲ್ಲಿ ತಿಳಿಯಿತು. ಕೊಲ್ಹಾಪುರಿ ಚಪ್ಪಲಿಯ ಗುರುತು 2019ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡಕ್ಕೂ ಜಂಟಿಯಾಗಿ ಸಂದಿತು. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಚಮ್ಮಾರರು ಅದರಲ್ಲಿದ್ದಾರೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಎಂಬ ಮನೆ ಮಿಲಾನಿನ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿಗಳನ್ನು ತೋರಿಸಿತು, ಮೂಲದ ಹೆಸರೆತ್ತಲಿಲ್ಲ. ಇಲ್ಲಿ ಕೂಗೆದ್ದ ಮೇಲೆ ಭಾರತದ ಕುಶಲಿಗಳಿಂದ ಪ್ರೇರಣೆ ಪಡೆದುದನ್ನು ಒಪ್ಪಿಕೊಂಡಿತು. ಗುರುತು ನೋಂದಾಯಿತವಾಗಿದ್ದುದರಿಂದ ಕೂಗಿಗೆ ಆಧಾರವಿತ್ತು. ಎರಡು ರಾಜ್ಯಗಳು ಒಂದೇ ಹೆಸರನ್ನು ಕೂಡಿ ಕಾಯಬಹುದೆಂಬ ಪಾಠವೂ ಇಲ್ಲುಂಟು. ಗಡಿಯೀಚೆಯ ಕನ್ನಡಿಗರಾದ ನಮಗೆ ಅದು ಬಹಳ ಹತ್ತಿರದ ಪಾಠ, ಏಕೆಂದರೆ ಮೊಳಕಾಲ್ಮೂರಿನ ಹೆಸರು ಒಂದು ರಾಜ್ಯದ್ದು, ಧರ್ಮಾವರದ ಹೆಸರು ಇನ್ನೊಂದರದು. ಎರಡೂ ಕಡೆಯ ಮಗ್ಗಗಳ ಕಷ್ಟ ಮಾತ್ರ ಒಂದೇ. ಆದರೂ ಭೌಗೋಳಿಕ ಗುರುತು ಕಾಯುವುದು ಊರಿನ ಹೆಸರನ್ನು, ಮನುಷ್ಯನ ಹೆಸರನ್ನಲ್ಲ.

ಇನ್ನು ನಮ್ಮ ಕಡೆಯವರ ಬಡಾಯಿಯ ಮಾತಿಗೆ ಬರೋಣ. ‘ಪ್ಯಾರಿಸ್ ಏನು ಮಹಾ, ನಮ್ಮ ಒಂದು ಸೆರಗಿಗೆ ಅದು ಸಮವಲ್ಲ’ ಎಂದು ವೇದಿಕೆಯ ಮೇಲೆ ಗರ್ಜಿಸುವವರಿದ್ದಾರೆ. ಕೆಳಗಿಳಿದು ಅಂಗಡಿಗೆ ಹೋದರೆ ಇದೇ ಮಹನೀಯರು ಕೈಮಗ್ಗದ ಸೀರೆಯ ಬೆಲೆ ಕೇಳಿ ಹೌಹಾರಿ, ನಕಲು ಸೀರೆಯ ಮೂಟೆಗೆ ಕೈಹಾಕುವುದನ್ನು ನಾವು ಕಂಡಿದ್ದೇವೆ. ಫ್ರೆಂಚರು ತಮ್ಮ ಹೊಲಿಗೆಯ ಬೆಲೆಯನ್ನು ಇಳಿಸಿ ಅದನ್ನು ಎತ್ತರಕ್ಕೇರಿಸಲಿಲ್ಲ. ಹೊಗಳಿಕೆಯಿಂದ ಕಂಡಿಕೆಯ ನೂಲು ತುಂಬುವುದಿಲ್ಲ.

ಹಾಗೆಂದು ‘ನಾವೂ ಒಂದು ಡಿಯೋರ್ ಮನೆಯನ್ನು ಕಟ್ಟೋಣ’ ಎನ್ನುವವರಿಗೂ ಆ ಕಥೆಯ ಉತ್ತರಾರ್ಧವನ್ನು ಓದಲು ಹೇಳುತ್ತೇವೆ. ಡಿಯೋರ್ 1957ರಲ್ಲಿ ತೀರಿಕೊಂಡನು. 21 ವರ್ಷದ ಈವ್ ಸೇಂಟ್ ಲಾರಾಂ ಅವನ ಸ್ಥಾನಕ್ಕೆ ಬಂದನು, ಮನೆ ನಿಲ್ಲಲಿಲ್ಲ. ಆ ಹೆಸರು 1947ರಲ್ಲಿಯೇ ಸುಗಂಧದ ಸೀಸೆಗೆ ಏರಿತ್ತು, ಆಮೇಲೆ ಕಾಲುಚೀಲಕ್ಕೂ ಬೇರೆ ಎಷ್ಟೋ ಸರಕುಗಳಿಗೂ ಏರಿತು. ಹಣ ಹೂಡಿದ ಬೂಸಾಕನ ಗಿರಣಿಗಳಾದರೋ 1978ರಲ್ಲಿ ದಿವಾಳಿಯಾದವು. 1984ರಲ್ಲಿ ಬರ್ನಾರ್ ಆರ್ನೋ ಎಂಬವನು ಆ ಗಿರಣಿಗಳ ಸಂಸ್ಥೆಯನ್ನು ಕೊಂಡನು. ಕಾಲಕ್ರಮದಲ್ಲಿ ಬಟ್ಟೆಯ ಗಿರಣಿಗಳನ್ನು ಕಳಚಿ ಮಾರಿ, ಡಿಯೋರೆಂಬ ಹೆಸರನ್ನು ಉಳಿಸಿಕೊಂಡನು. ಸಾವಿರಾರು ಕೆಲಸಗಾರರು ಬೀದಿಗೆ ಬಿದ್ದರು, ಕೊಂಡವನು ಜಗತ್ತಿನ ಅತಿ ಶ್ರೀಮಂತರ ಸಾಲಿಗೆ ಸೇರಿದನು. ನೂಲು ತೆಗೆದವರೂ ನೇಯ್ದವರೂ ಹೋದರು, ಹೆಸರು ಉಳಿಯಿತು. ಅಂತಹ ಮನೆ ನಮಗೆ ಬೇಡ. ಧರ್ಮಾವರವೆಂಬ ಹೆಸರು ಉಳಿದು ಧರ್ಮಾವರದ ಮಗ್ಗ ಮುರಿದರೆ ನಮಗೆ ಬಂದ ಭಾಗ್ಯವೇನು?

ಹೀಗಿರುವಾಗ ನಾವು ಕೇಳುವುದು ದೊಡ್ಡದೇನಲ್ಲ. ಸೀರೆಯ ಸೆರಗಿನ ಕೊನೆಯಲ್ಲಿ, ಒಳಮಗ್ಗುಲಿಗೆ, ನೇಯ್ದವರ ಹೆಸರೂ ಊರೂ ನೇಯಲ್ಪಡಲಿ. ಹಂಸವನ್ನು ನೇಯಬಲ್ಲ ಜಕಾರ್ಡಿಗೆ ಐದಾರು ಅಕ್ಷರಗಳು ಭಾರವಲ್ಲ. ಕೆಲವು ರಟ್ಟುಗಳು ಹೆಚ್ಚಾಗುತ್ತವೆ, ಅಷ್ಟೇ. ಸಹಕಾರ ಸಂಘಗಳು ಇದನ್ನು ಮೊದಲು ಮಾಡಬೇಕು, ಏಕೆಂದರೆ ಅಲ್ಲಿ ಸಾಹುಕಾರನ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಕನ್ನಡದಲ್ಲಿ ಬರೆಯಬೇಕೋ ತೆಲುಗಿನಲ್ಲೋ ಎಂಬ ಜಗಳವನ್ನು ದಯವಿಟ್ಟು ಯಾರೂ ತೆಗೆಯಬಾರದು. ನೇಯುವವರು ತಮ್ಮ ಹೆಸರನ್ನು ಯಾವ ಲಿಪಿಯಲ್ಲಿ ಬರೆಯುವರೋ ಅದೇ ಲಿಪಿ. ಇದರಿಂದ ಬೆಲೆ ಏರೀತೆಂದು ಅಂಗಡಿಯವರು ಹೆದರಿಸಿದರೆ, ಏರಲಿ. ಹೆಸರು ತಿಳಿದವರೊಡನೆ ಚೌಕಾಸಿ ಮಾಡಲು ನಾಲಗೆ ಅಷ್ಟು ಸುಲಭವಾಗಿ ಏಳುವುದಿಲ್ಲವೆಂಬುದು ಸಂತೆಯನ್ನು ಬಲ್ಲವರಿಗೆಲ್ಲ ಗೊತ್ತು.

ಉಪಾಧ್ಯಾಯ ಬಂಧುಗಳು ಸಂಘಗಳಿಗಾಗಿ ಕಾಯಬೇಕಾಗಿಲ್ಲ. ನಮ್ಮ ಗಣಿತ ಪಾಠದಲ್ಲಿ ಲಾಭ-ನಷ್ಟದ ಲೆಕ್ಕಗಳಿಗೆ ಕೊರತೆಯಿಲ್ಲ; ಎಲ್ಲವೂ ವರ್ತಕನ ಲಾಭ, ವರ್ತಕನ ನಷ್ಟ. ಒಂದು ವಾರ ಆ ಪುಸ್ತಕವನ್ನು ಬದಿಗಿಟ್ಟು ಒಂದು ಸೀರೆಯ ಲೆಕ್ಕವನ್ನು ಮಾಡಿಸೋಣ. ನೂಲಿಗೆಷ್ಟು, ಜರಿಗೆಷ್ಟು, ಬಣ್ಣಕ್ಕೆಷ್ಟು, ನೇಯ್ದ ದಿನಗಳೆಷ್ಟು, ಕೈಗೆ ಬಂದ ಕೂಲಿಯೆಷ್ಟು, ಅಂಗಡಿಯಲ್ಲಿ ಬೆಲೆಯೆಷ್ಟು. ಅಂಕಿಗಳನ್ನು ನಾವು ಕೊಡುವುದು ಬೇಡ. ಮಗ್ಗದ ಮನೆಯ ನೆಂಟರಿರುವ ಮಕ್ಕಳು ಕೇಳಿ ತರಲಿ. ಮಗ್ಗವಿಲ್ಲದ ಊರಿನ ಮಕ್ಕಳು ಅದೇ ರೀತಿ ಒಂದು ಮೂಟೆ ಕಡಲೆಕಾಯಿಯ ಲೆಕ್ಕವನ್ನು ತರಲಿ. ಹಾಗೆ ಬಂದ ಲೆಕ್ಕಗಳನ್ನು ಈ ಪತ್ರಿಕೆಗೆ ಕಳುಹಿಸಿದಲ್ಲಿ, ಬರೆದ ವಿದ್ಯಾರ್ಥಿಯ ಹೆಸರಿನೊಡನೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸಬೇಕೆಂದು ಸಂಪಾದಕರನ್ನು ಕೇಳಿಕೊಳ್ಳುತ್ತೇವೆ.